ಮಂಚದ ಕೆಳಗಿನ ಜಾಗ

ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಲೈನು ಮನೆಗಳಲ್ಲಿ ನೆಲ ನಡುಗಿದರೆ ಜನ ಹೊರಗೆ ಓಡುತ್ತಾರೆ. ನಾನು ಹುಟ್ಟಿದ ಕಡೆ ಒಳಗೆ ಓಡುತ್ತಿದ್ದೆವು. ಇಷ್ಟು ಸಣ್ಣ ವ್ಯತ್ಯಾಸವನ್ನು ತಲೆಗೆ ಹಾಕಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಪೂರ್ತಿ ಹಾಕಿಕೊಂಡಿದ್ದೇನೆ ಎಂದು ಈಗಲೂ ಎದೆ ತಟ್ಟಿ ಹೇಳಲಾರೆ.

ನಾನು ಹುಟ್ಟಿದ್ದು ಶ್ರೀಲಂಕಾದ ಉತ್ತರ ಭಾಗದಲ್ಲಿ, ವನ್ನಿ ಎಂಬ ಒಣ ಸೀಮೆಯಲ್ಲಿ. ಅಲ್ಲಿ ಯುದ್ಧವಿತ್ತು. ಅಪ್ಪ ನನಗೆ ಬುದ್ಧಿ ತಿಳಿಯುವ ಮೊದಲೇ ತೀರಿಹೋಗಿದ್ದ. ಅಮ್ಮ ಮತ್ತು ತಮ್ಮ ಯುದ್ಧದ ಕೊನೆಯ ದಿನಗಳಲ್ಲಿ ಸತ್ತರು. ನನಗಾಗ ಎಂಟು ವರ್ಷ. ಇದನ್ನು ಹೀಗೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರೆ ಕೇಳುವವರಿಗೆ ಸಮಾಧಾನವಾಗುವುದಿಲ್ಲ, ಇನ್ನೂ ಏನೋ ಇರಬೇಕು ಎಂದು ಮುಖ ನೋಡುತ್ತಾರೆ. ಇರಬಹುದು. ನನ್ನ ಬಾಯಿಗೆ ಆಗ ಬರುತ್ತಿದ್ದದ್ದು ಇಷ್ಟೇ.

ಸೋದರಮಾವ ತನ್ನ ಹೆಂಡತಿ ಮಕ್ಕಳ ಜೊತೆಗೆ ನನ್ನನ್ನೂ ದೋಣಿ ಹತ್ತಿಸಿ ತಮಿಳುನಾಡಿಗೆ ತಂದ. ನಿರಾಶ್ರಿತರ ಕ್ಯಾಂಪಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕೋಣೆ. ಅಲ್ಲಿ ನಾನು ಮಾತಾಡುವುದನ್ನು ನಿಲ್ಲಿಸಿದೆ. ಹಟಕ್ಕಲ್ಲ. ಬಾಯಿ ತೆರೆಯಬೇಕು ಅನ್ನಿಸುತ್ತಿರಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ. ಮೂಲೆಯಲ್ಲಿ ಸದಾ ಸುಮ್ಮನೆ ಕೂತಿರುವ ಹುಡುಗಿಯನ್ನು ನೋಡಿ ನೋಡಿ ಅತ್ತೆಗೆ ಸಾಕಾಯಿತು. ಅವಳನ್ನು ನಾನು ದೂರುವುದಿಲ್ಲ, ಅವಳ ಜಾಗದಲ್ಲಿದ್ದರೆ ನನಗೂ ಸಾಕಾಗುತ್ತಿತ್ತು.

ಹೀಗಿರುವಾಗ ವೇಲೂರಿನ ಕಡೆ ನೆಂಟರ ಒಂದು ಮದುವೆಗೆ ಮಾವ ಹೋದ. ಅಲ್ಲಿಗೆ ಕೆಜಿಎಫ್‌ನಿಂದ ಒಬ್ಬ ಮುದುಕಿ ಬಂದಿದ್ದಳು. ನಮ್ಮ ಸಂಬಂಧ ಬಹಳ ಹಿಂದಿನದು. ಅವಳ ಗಂಡನ ತಾತ ಮತ್ತು ನಮ್ಮ ಅಮ್ಮನ ಮುತ್ತಾತ ಅಣ್ಣತಮ್ಮಂದಿರು. ಒಂದೇ ಊರಿನಿಂದ ಒಬ್ಬ ಚಿನ್ನದ ಗಣಿಗೆ ಬಂದ, ಇನ್ನೊಬ್ಬ ಹಡಗು ಹತ್ತಿ ಲಂಕೆಯ ಟೀ ತೋಟಕ್ಕೆ ಹೋದ. ಅವನ ಪೀಳಿಗೆಯವರು ಆಮೇಲೆ ವನ್ನಿಗೆ ಬಂದರು. ಮುದುಕಿ ನನ್ನ ವಿಷಯ ಕೇಳಿ, ಊಟದ ಎಲೆಯ ಮುಂದೆ ಕೂತೇ ಹೇಳಿದಳಂತೆ: "ನಮ್ಮನೆಯಾಗೆ ನಾನೊಬ್ಳು, ಅಸು ಒಂದು. ಅಸೂನೂ ಮಾತಾಡಾಕಿಲ್ಲ. ಆ ಮಗೀನ ಕಳಿಸು, ಓದುಸ್ತೀನಿ." ಮಾವ ಹತ್ತು ಕಚೇರಿಗಳಲ್ಲಿ ಕೈಮುಗಿದು ಕ್ಯಾಂಪು ಬಿಡಲು ಅನುಮತಿ ತಂದು ನನ್ನನ್ನು ಕರೆದುಕೊಂಡು ಬಂದ. ನನಗಾಗ ಹದಿಮೂರು.

ಅವಳನ್ನು ನಾನು ಅಜ್ಜಿ ಎಂದೇ ಕರೆದೆ. ಬಂಗಾರಪೇಟೆಯ ಹತ್ತಿರದ ಹಳ್ಳಿಯವಳು, ರಾಗಿ ಹೊಲ ಇದ್ದ ಮನೆಯ ಮಗಳು. ಗಣಿ ಕೆಲಸದವನನ್ನು ಮದುವೆಯಾಗಿ ಲೈನಿಗೆ ಬಂದವಳು. ಲೈನು ಎಂದರೆ ಒಂದೇ ಗೋಡೆ ಹಂಚಿಕೊಂಡ ಸಾಲು ಮನೆಗಳು. ಮುಂದೊಂದು ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು, ಹೊರಗೆ ತಗಡಿನ ಕೆಳಗೆ ಹಸು. ಗಾಳಿ ಬೀಸಿದರೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದಿ ಬಣ್ಣದ ಧೂಳು ಬಂದು ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಜ್ಜಿಯ ಗಂಡ ಅದಕ್ಕೂ ಎಷ್ಟೋ ಮೊದಲು ಒಂದು ದಿನ ಪಾಳಿಗೆಂದು ಕೆಳಗಿಳಿದವನು ಮೇಲೆ ಬಂದಿರಲಿಲ್ಲ.

ಮುಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚವಿತ್ತು, ಆಸ್ಪತ್ರೆಯ ಹರಾಜಿನಲ್ಲಿ ಬಂದದ್ದು, ಕಾಲು ಎತ್ತರ. ಪಾತ್ರೆ ಇಡಲೂ ಜಾಗವಿಲ್ಲದ ಆ ಮನೆಯಲ್ಲಿ ಮಂಚದ ಕೆಳಗೆ ಮಾತ್ರ ಒಂದು ಚಂಬು ಕೂಡ ಇರಲಿಲ್ಲ. ಹಿಂಡಿ ಚೀಲ ಅಡುಗೆಮನೆಯಲ್ಲಿ ಕಾಲಿಗೆ ತೊಡರುತ್ತಿತ್ತು, ಆದರೂ ಅಲ್ಲಿಗೆ ತಳ್ಳುತ್ತಿರಲಿಲ್ಲ. ಅಜ್ಜಿ ಬಗ್ಗಿ ಯಾವುದರ ಕೆಳಗೂ ತಲೆ ತೂರಿಸುವವಳಲ್ಲ. ತವರಿಗೆ ಹೋಗುವಾಗ ಬಂಗಾರಪೇಟೆಯಲ್ಲಿ ರೈಲು ಹಳಿಯ ಕೆಳಗಿನ ದಾರಿಯಲ್ಲಿ ನುಗ್ಗಿದರೆ ಎರಡು ನಿಮಿಷ. ಅವಳು ಬಿಸಿಲಲ್ಲಿ ಅರ್ಧ ಊರು ಸುತ್ತುತ್ತಿದ್ದಳು. ನಾನು ಕಾರಣ ಕೇಳಲಿಲ್ಲ. ನನಗೆ ಆಗ ಏನನ್ನೂ ಕೇಳುವ ಆಸೆ ಇರಲಿಲ್ಲ. ಮಂಚದ ಕೆಳಗೆ ಖಾಲಿ ಇದೆ ಎಂಬುದನ್ನು ಮಾತ್ರ ಬಂದ ದಿನವೇ ನೋಡಿಟ್ಟುಕೊಂಡೆ.

ನಾನು ಬಂದು ಕೆಲವು ವಾರ ಆಗಿರಬೇಕು. ಮಧ್ಯಾಹ್ನ ಅಜ್ಜಿ ಹೊರಗೆ ಹಸುವಿಗೆ ನೀರು ತೋರಿಸುತ್ತಿದ್ದಳು. ಪಕ್ಕದ ಮನೆಯ ಎರಡು ವರ್ಷದ ಹೆಣ್ಣುಮಗು ನಮ್ಮ ಹೊಸ್ತಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿತ್ತು. ಆಗ ಕೆಳಗಿನಿಂದ ದೊಡ್ಡದಾಗಿ ಧಡ್ ಎಂದಿತು. ಶೆಲ್ಫಿನ ಲೋಟಗಳು ಒಂದಕ್ಕೊಂದು ಬಡಿದವು, ಕಾಲ ಕೆಳಗಿನ ಗಾರೆ ನೆಲ ಓಲಾಡಿತು. ನಾನು ಯೋಚಿಸಲಿಲ್ಲ. ಮಗುವನ್ನು ಎಳೆದುಕೊಂಡು ಮಂಚದ ಕೆಳಗೆ ಸೇರಿ, ಗೋಡೆಗೆ ಒತ್ತಿ ಮಲಗಿ, ಅದರ ಬಾಯಿಯ ಮೇಲೆ ಕೈ ಇಟ್ಟೆ. ಅಮ್ಮ ನನಗೆ ಹಾಗೆಯೇ ಮಾಡುತ್ತಿದ್ದಳು. ಎದೆ ಹೊಡೆದುಕೊಳ್ಳಲಿಲ್ಲ, ಭಯವೂ ಆಗಲಿಲ್ಲ. ಕೈಕಾಲು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು.

ಹೊರಗೆ ಲೈನಿನ ಜನ ಬಾಗಿಲಿಗೆ ಬಂದು ನಿಂತಿದ್ದರು. ಆ ಪದ್ಧತಿ ನನಗೆ ಗೊತ್ತಿರಲಿಲ್ಲ. ಅದು ಗಣಿ ನಡೆಯುತ್ತಿದ್ದ ಕಾಲದ್ದು. ನೆಲ ನಡುಗಿದರೆ ಕೆಳಗೆ ಎಲ್ಲೋ ಬಂಡೆ ಸಿಡಿದಿದೆ ಎಂದು ಅರ್ಥ. ಅದಕ್ಕೆ ಅವರು ಏರ್ ಬ್ಲಾಸ್ಟ್ ಎನ್ನುತ್ತಾರೆ. ಆಗ ಲೈನಿನ ಮೊದಲ ಮನೆಯಿಂದ ಶುರುವಾಗಿ ಪ್ರತಿ ಮನೆಯವರೂ ಬಾಗಿಲಲ್ಲಿ ನಿಂತು ತಮ್ಮವರು ಎಷ್ಟು ಜನ, ಯಾರು ಮೇಲಿದ್ದಾರೆ, ಯಾರು ಪಾಳಿಗೆ ಕೆಳಗಿಳಿದಿದ್ದಾರೆ ಎಂದು ಕೂಗಬೇಕು. ಕೆಳಗೆ ಎಂದು ಕೂಗಿದ ಮನೆಯ ಮುಂದೆ ಉಳಿದ ಮನೆಗಳ ಹೆಂಗಸರು ಹೋಗಿ ನಿಲ್ಲುತ್ತಿದ್ದರು. ಕೆಳಗಿಳಿದವರು ಮೇಲೆ ಬಂದ ಸುದ್ದಿ ಸಿಗುವ ತನಕ ಲೈನಿನಲ್ಲಿ ಯಾರೂ ಒಳಗೆ ಹೋಗುವಂತಿಲ್ಲ, ಒಲೆ ಹಚ್ಚುವಂತಿಲ್ಲ.

ಈಗ ಕೆಳಗೆ ಯಾರೂ ಇಲ್ಲ. ಸುರಂಗಗಳಲ್ಲಿ ನೀರು ತುಂಬಿದೆ. ಆದರೂ ಬಂಡೆ ಆಗೊಮ್ಮೆ ಈಗೊಮ್ಮೆ ಸಿಡಿಯುತ್ತದೆ, ಜನ ಆಗೊಮ್ಮೆ ಈಗೊಮ್ಮೆ ಬಾಗಿಲಿಗೆ ಬಂದು ಕೂಗುತ್ತಾರೆ. ಕೆಲವರು ತಮಿಳಿನಲ್ಲಿ, ಕೆಲವರು ತೆಲುಗಿನಲ್ಲಿ, ನಮ್ಮಜ್ಜಿ ಕನ್ನಡದಲ್ಲಿ. ಊರಿನ ಉಳಿದ ಗಣಿಗಳಾದ ನಂದಿದುರ್ಗ, ಮೈಸೂರು ಮೈನ್ಸ್ ಕಡೆ ಈಗ ಯಾರೂ ಕೂಗುವುದಿಲ್ಲ ಎಂದು ನಮ್ಮ ಲೈನಿನವರಿಗೆ ಸ್ವಲ್ಪ ಜಂಭವೂ ಇದೆ.

ಆ ಮಧ್ಯಾಹ್ನ ಸರದಿ ನಮ್ಮ ಮನೆಗೆ ಬಂದಾಗ ಅಜ್ಜಿ ಎಂದಿನಂತೆ ಕೂಗಿದಳು: "ನಾನೊಬ್ಳೆ! ಮೇಲಿದೀನಿ!"

ಅದು ಮಂಚದ ಕೆಳಗಿದ್ದ ನನಗೂ ಕೇಳಿಸಿತು. ನನ್ನನ್ನು ಬಿಟ್ಟಳು ಎಂದು ಬೇಸರವಾಯಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಸರಿಯಾಗಿಯೇ ಕೂಗಿದಳು ಅನ್ನಿಸಿತು. ಮುಂದಿನ ಸರದಿ ಪಕ್ಕದ ಮನೆಯವಳದು. ಅವಳು ಕೂಗಲು ಬಾಯಿ ತೆರೆದು ಮಗುವನ್ನು ಹುಡುಕಿದಳು. ಮಗು ಇಲ್ಲ. ಲೈನಿನ ಹಿಂದೆ ನೆಲ ಕುಸಿದು ಬಿದ್ದ ಹಳೆಯ ಗುಂಡಿಗಳಿವೆ. ಗಂಡಸರು ಅತ್ತ ಓಡಿದರು. ಮಗುವಿನ ತಾಯಿ ಕೂಗುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬಯಲಲ್ಲಿ ನಿಂತು ಹೀಗೆ ಕಿರುಚುತ್ತಾರಲ್ಲ, ಎಂಥ ದಡ್ಡರು ಎಂದುಕೊಂಡು ಮಗುವಿನ ಬಾಯಿಯನ್ನು ಇನ್ನೂ ಸ್ವಲ್ಪ ಒತ್ತಿ ಹಿಡಿದೆ.

ಆಮೇಲೆ ಯಾರೋ ಕೇಳಿದರು, ಆ ಲಂಕೆ ಹುಡುಗಿ ಎಲ್ಲಿ ಎಂದು. ಆಗಷ್ಟೇ ಅಜ್ಜಿಗೆ ನಾನಿರುವುದು ನೆನಪಾಯಿತು. ಒಳಗೆ ಬಂದವರು ನನ್ನ ಕಾಲು ಹಿಡಿದು ಎಳೆದರು. ಮಗುವಿನ ತಾಯಿ ಮಗುವನ್ನು ಕಿತ್ತುಕೊಂಡು ನನ್ನ ಕೆನ್ನೆಗೆ ಬಾರಿಸಿದಳು. ಕೆನ್ನೆ ಬಿಸಿಯಾಯಿತು. ಅವಳಿಗೆ ಕೈ ನೋವಾಗಿರಬಹುದು ಎಂದು ಯೋಚಿಸಿದ್ದು ನೆನಪಿದೆ.

ಸಂಜೆ ಹಾಲು ಕರೆಯುವಾಗ ಅಜ್ಜಿ ನನ್ನ ಕಡೆ ನೋಡದೆ ಹಸುವಿನ ಹೊಟ್ಟೆಗೆ ತಲೆ ಒರಗಿಸಿ ಹೇಳಿದಳು. "ನಿಂದೇನೂ ತಪ್ಪಿಲ್ಲ ಕಣಮ್ಮಿ. ಲೆಕ್ಕ ತಪ್ಪಿದ್ದು ನಾನು. ಇಷ್ಟು ವರ್ಸ ಒಬ್ಳೆ ಒಬ್ಳೆ ಅಂತ ಕೂಗಿ ಬಾಯಿಗೆ ರೂಢಿಯಾಗೋಯ್ತು. ಇನ್ಮೇಲೆ ಇಬ್ರು ಅಂತ ಕೂಗ್ಬೇಕು. ನೀನು ಒರಕ್ಕೆ ಬರ್ಬೇಕು, ಅಷ್ಟೆ."

ನಾನು ತಲೆ ಆಡಿಸಿದೆ. ಆದರೆ ಹೊರಗೆ ಬರಲಿಲ್ಲ. ಮುಂದೆ ಎಷ್ಟೋ ಸಲ ನೆಲ ನಡುಗಿತು, ಪ್ರತಿ ಸಲವೂ ನಾನು ಮಂಚದ ಕೆಳಗೆ. ಒಮ್ಮೆ ಸೇರಿದರೆ ಗಂಟೆಗಟ್ಟಲೆ ಕೈಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ಬೇಕಂತಲೇ ಗಟ್ಟಿಯಾಗಿ "ಇಬ್ರು! ಒಬ್ಳು ಒಳಗವ್ಳೆ!" ಎಂದು ಕೂಗಿ ಹೇಗೋ ಸುಧಾರಿಸುತ್ತಿದ್ದಳು. ಪದ್ಧತಿಯಲ್ಲಿ ಮೇಲೆ ಇತ್ತು, ಕೆಳಗೆ ಇತ್ತು. ಒಳಗೆ ಎನ್ನುವುದು ಇರಲಿಲ್ಲ. ಲೈನಿನವರು ಹೋಗಲಿ ಪಾಪ ಎಂದು ನಡೆಸಿಕೊಂಡು ಹೋದರು. ಕೆನ್ನೆಗೆ ಹೊಡೆದ ಪಕ್ಕದ ಮನೆಯವಳೇ ನನ್ನನ್ನು ಇಲಿಮರಿ ಎಂದು ಕರೆದು, ಮಾಡಿದ್ದರಲ್ಲೆಲ್ಲ ಒಂದು ಪಾಲು ತಂದು ಕೊಡುತ್ತಿದ್ದಳು.

ಅಜ್ಜಿ ನನ್ನನ್ನು ಕನ್ನಡ ಶಾಲೆಗೆ ಸೇರಿಸಿದಳು. ಕೆಜಿಎಫ್‌ನಲ್ಲಿ ತಮಿಳು ಶಾಲೆಯೂ ಇತ್ತು, ಮಾವನಿಗೆ ಅದೇ ಇಷ್ಟ. ಅಜ್ಜಿ ಕೇಳಲಿಲ್ಲ. "ಈ ಕಡೆ ಬಾಳ್ಬೇಕಾದ್ರೆ ಈ ಕಡೆ ಮಾತು ಬೇಕು," ಎಂದಳು. ನನಗಿಂತ ಚಿಕ್ಕ ಮಕ್ಕಳ ನಡುವೆ ಕೂತು ಅಕ್ಷರ ತಿದ್ದಿದೆ. ಕಷ್ಟವಾಗಲಿಲ್ಲ. ಹೇಳಿದರೆ ವಿಚಿತ್ರ ಅನ್ನಿಸಬಹುದು, ಕನ್ನಡದಲ್ಲಿ ನನಗೆ ಏನೂ ಆಗಿರಲಿಲ್ಲ. ಕೆಟ್ಟದ್ದೆಲ್ಲ ಆದದ್ದು ತಮಿಳಿನಲ್ಲಿ. ಅಮ್ಮ ಎಂಬ ಪದ ಎರಡರಲ್ಲೂ ಒಂದೇ, ಅದನ್ನು ಮಾತ್ರ ಓದುವಾಗ ದಾಟಿಕೊಂಡು ಹೋಗುತ್ತಿದ್ದೆ. ಉಳಿದ ಪದಗಳೆಲ್ಲ ತೊಳೆದಿಟ್ಟ ಪಾತ್ರೆಯ ಹಾಗಿದ್ದವು. ಆ ಪದಗಳಲ್ಲಿ ನಾನು ಮತ್ತೆ ಮಾತಾಡಲು ಶುರು ಮಾಡಿದೆ. ಪುಸ್ತಕದ ಕನ್ನಡ ಶಾಲೆಯಿಂದ ಬಂತು, ಬೈಗುಳ ಸಮೇತ ಉಳಿದದ್ದು ಅಜ್ಜಿಯಿಂದ.

ಮೇಷ್ಟರುಗಳು ಒಳ್ಳೆಯವರೇ. ಆದರೆ ಗಣರಾಜ್ಯೋತ್ಸವ ಬಂತೆಂದರೆ ಯಾರಾದರೊಬ್ಬರಿಗೆ ನನ್ನನ್ನು ವೇದಿಕೆ ಹತ್ತಿಸಬೇಕು ಅನ್ನಿಸುತ್ತಿತ್ತು. ನಿನ್ನ ಅನುಭವ ಹೇಳಮ್ಮ, ಮಕ್ಕಳಿಗೆ ಸ್ಫೂರ್ತಿ ಬರುತ್ತದೆ ಎನ್ನುತ್ತಿದ್ದರು. ನನ್ನ ತಮ್ಮ ಸತ್ತದ್ದರಿಂದ ಇವರ ಮಕ್ಕಳಿಗೆ ಯಾತರ ಸ್ಫೂರ್ತಿ ಎಂದು ನನಗೆ ಸಿಟ್ಟು ಬರಬೇಕಿತ್ತು. ಬರುತ್ತಿರಲಿಲ್ಲ. ಅಲ್ಲಿ ಏನಾಯಿತು ಎಂದು ಕೇಳಿದರೆ, ಬಿಸಿಲಿತ್ತು ಸಾರ್ ಎನ್ನುತ್ತಿದ್ದೆ. ನಿರಾಶ್ರಿತಳಾದ್ದರಿಂದ ತಿಂಗಳಿಗೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕಿತ್ತು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಹಾಗಾಗಿ ನನಗೆ ಅದೇ ವಾಸಿ ಅನ್ನಿಸುತ್ತಿತ್ತು. ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಲಿ ಇಳಿಸಿ, ಚರ್ಮ ಸುಲಿದದ್ದು ಸಂಜೆ ತಿಳಿದ ದಿನವೂ ಇದೆ. ಹಾಗಿದ್ದೆ ನಾನು.

ಹತ್ತನೇ ತರಗತಿ ಆಯಿತು. ಪಿಯುಸಿಗೆ ಬಂಗಾರಪೇಟೆಯ ಕಾಲೇಜಿನಲ್ಲಿ ವಿಜ್ಞಾನ ಸಿಕ್ಕಿತು. ದಿನಾ ಬೆಳಿಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಿದ್ದೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಅರ್ಧ ನಿದ್ದೆಯಲ್ಲೇ ಜಾಗ ಹಿಡಿದು ಮತ್ತೆ ನಿದ್ದೆ ಮಾಡುತ್ತಿದ್ದರು. ಅವರ ಭುಜಗಳ ಮಧ್ಯೆ ನಿಂತು ನಾನು ಜೀವಶಾಸ್ತ್ರ ಓದುತ್ತಿದ್ದೆ. ಆ ವಿಷಯ ನನಗೆ ಹಿಡಿಸಿತು. ನರ ಹೇಗೆ ಕೆಲಸ ಮಾಡುತ್ತದೆ, ಸುಟ್ಟರೆ ಮಿದುಳಿಗೆ ಹೇಗೆ ಗೊತ್ತಾಗುತ್ತದೆ ಎಂಬುದೆಲ್ಲ ಅದರಲ್ಲಿತ್ತು. ನರ್ಸಿಂಗ್ ಓದಬೇಕು ಎಂದು ನಾನು ಬಾಯಿಬಿಟ್ಟು ಹೇಳಿದ ಮೊದಲ ದಿನ ಅಜ್ಜಿ ಬಂಗಾರಪೇಟೆಗೆ ಬಂದು ನನಗೆ ಪಾನಿಪುರಿ ಕೊಡಿಸಿದಳು. ಆರು ವರ್ಷದಲ್ಲಿ ಈ ಹುಡುಗಿ ಬೇಕು ಎಂದು ಕೇಳಿದ್ದು ಈ ನರ್ಸಿಂಗ್ ಒಂದನ್ನೇ ಎಂದು ಅಂಗಡಿಯವನಿಗೂ ಹೇಳಿದಳು.

ಮಾವನಿಗೆ ಇದು ಹಿಡಿಸಲಿಲ್ಲ. ಕ್ಯಾಂಪಿನಲ್ಲಿ ಒಬ್ಬ ವರ ಇದ್ದ, ಪೇಂಟಿಂಗ್ ಕೆಲಸದವನು. ವಯಸ್ಸಿನ ಹುಡುಗಿಯನ್ನು ಪರರ ಮನೆಯಲ್ಲಿ ಎಷ್ಟು ದಿನ ಬಿಡುವುದು ಎಂದು ಫೋನಿನಲ್ಲಿ ಅಜ್ಜಿಯ ಜೊತೆ ಜಗಳ ಮಾಡಿದ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಪಿಯುಸಿ ಈ ಸಲವೇ ಪಾಸಾದರೆ ನರ್ಸಿಂಗ್. ಒಂದು ಪರೀಕ್ಷೆ ತಪ್ಪಿದರೂ ವಾಪಸ್ ಕ್ಯಾಂಪು, ಮದುವೆ. ಕ್ಯಾಂಪೆಂದರೆ ನನಗೆ ಮತ್ತೆ ಆ ಮೂಲೆ ಕಾಣುತ್ತಿತ್ತು. ಅಲ್ಲಿ ಹೋಗಿ ಕೂತರೆ ಬಾಯಿ ಮತ್ತೆ ಮುಚ್ಚಿಹೋಗುತ್ತದೆ, ಈ ಸಲ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದು ಬೇಡವಾಗಿತ್ತು. ಭಯ ಎಂದು ಅದಕ್ಕೆ ಹೆಸರಿಡುವಷ್ಟು ನನಗೆ ಆಗ ಧೈರ್ಯವಿರಲಿಲ್ಲ.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಸ್ನಾನ ಮಾಡಿ, ಜಡೆ ಹಾಕಿಕೊಂಡು, ಚಪ್ಪಲಿ ಹುಡುಕುತ್ತಿದ್ದೆ. ಅಜ್ಜಿ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಕಥೆಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ. ಆ ಹೊತ್ತಿಗೇ ಆಗಬೇಕೇ ಎಂದು ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಧಡ್ ಎಂದಿತು. ಅದುವರೆಗೆ ನಾನು ಕಂಡದ್ದರಲ್ಲೆಲ್ಲ ದೊಡ್ಡದು. ಮೇಲಿನಿಂದ ಸುಣ್ಣ ಉದುರಿತು. ಮರುಕ್ಷಣ ನಾನು ಮಂಚದ ಕೆಳಗೆ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಗೋಡೆಗೆ ಮುಖ ಮಾಡಿ ಮಲಗಿದ್ದೆ.

ಅಜ್ಜಿ ಬಾಗಿಲಿಗೆ ಓಡಿದವಳು ಅಲ್ಲಿಂದಲೇ ತಿರುಗಿದಳು. "ಎದ್ದೇಳೇ. ಟ್ರೈನು ಬತ್ತದೆ."

ಕೇಳಿಸಿತು. ಏಳಬೇಕು ಎಂದು ಗೊತ್ತಿತ್ತು. ಏಳದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು, ಪೇಂಟಿಂಗ್ ಕೆಲಸದವನ ಕೈಬೆರಳಿನ ಬಣ್ಣದ ಕಲೆ ಸಹ ಕಣ್ಣ ಮುಂದೆ ಬಂತು. ಆದರೆ ಕಾಲು ನನ್ನದಾಗಿರಲಿಲ್ಲ. ಅಜ್ಜಿ ಬೈದಳು, ಗೋಗರೆದಳು. ದೂರದಲ್ಲಿ ರೈಲು ಕೂಗಿ ಹೊರಟುಹೋದದ್ದು ಇಬ್ಬರಿಗೂ ಕೇಳಿಸಿತು. ಹೊರಗೆ ಲೈನಿನವರು ಕೂಗಲು ಶುರು ಮಾಡಿದ್ದರು. ಮೊದಲ ಮನೆ, ಎರಡನೇ ಮನೆ, ಧ್ವನಿಗಳು ನಮ್ಮ ಕಡೆಗೆ ಬರುತ್ತಿದ್ದವು.

ಆಗ ಅಜ್ಜಿಯ ಸದ್ದು ನಿಂತಿತು. ಬಳೆ ನೆಲಕ್ಕೆ ತಾಗಿತು. ಸೀರೆ ಗಾರೆಯ ಮೇಲೆ ಎಳೆದ ಸದ್ದು, ಏದುಸಿರು, ಮೊಣಕಾಲಿನ ಲಟಲಟ. ಹಸುವಿನ ಸಗಣಿ, ಸುಟ್ಟ ಒಗ್ಗರಣೆ ಎರಡೂ ಸೇರಿದ ಅವಳ ವಾಸನೆ ಬೆನ್ನ ಹತ್ತಿರ ಬಂತು. ಬಗ್ಗಿ ಯಾವುದರ ಕೆಳಗೂ ತಲೆ ತೂರಿಸದ, ಹಳಿಯ ಕೆಳಗಿನ ದಾರಿಯಲ್ಲಿ ಕಾಲಿಡದ ಹೆಂಗಸು ನನ್ನ ಪಕ್ಕ ಬಂದು ಅಂಗಾತ ಮಲಗಿದ್ದಳು. ನಾನು ಕತ್ತು ತಿರುಗಿಸಿ ನೋಡಿದೆ. ಮೂಗಿನ ನೇರಕ್ಕೆ ಇದ್ದ ಮಂಚದ ಪಟ್ಟಿಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಏನೈತೆ ಇಲ್ಲಿ ಅಂತ ನೋಡಾಣ ಅಂತ ಬಂದೆ," ಎಂದಳು.

"ಏನೂ ಇಲ್ಲ ಅಜ್ಜಿ."

"ಮತ್ಯಾಕೆ ಬತ್ತೀಯ?"

ನಾನು ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮತ್ತೆ ಗೋಡೆಗೆ ಮುಖ ಮಾಡಿ ಕನ್ನಡದಲ್ಲಿ ಹೇಳಿದೆ. ನಮ್ಮ ಮನೆಯ ಹಿಂದೆ ತೆಂಗಿನ ದಿಮ್ಮಿ ಮುಚ್ಚಿದ ಒಂದು ಕುಳಿ ಇತ್ತು. ಶೆಲ್ ಬೀಳುವಾಗ ಮೂವರೂ ಅದರೊಳಗೆ. ಆ ದಿನ ಸ್ವಲ್ಪ ಹೊತ್ತು ಸದ್ದು ನಿಂತಿತ್ತು. ತಮ್ಮ ಉಚ್ಚೆ ಬಂತು ಎಂದು ಮೇಲೆ ಹತ್ತಿದ. ಮತ್ತೆ ಸದ್ದು ಶುರುವಾಯಿತು. ನೀನು ಇಲ್ಲೇ ಕೆಳಗಿರು, ನಾನು ಬಂದು ಕರೆಯುವವರೆಗೂ ಬರಬೇಡ ಎಂದು ನನಗೆ ಹೇಳಿ ಅಮ್ಮ ಅವನನ್ನು ಕರೆತರಲು ಹತ್ತಿದಳು. ಆಮೇಲೆ ಕರೆಯಲಿಲ್ಲ. ನಾನು ಅಲ್ಲೇ ಇದ್ದೆ. ಮಾರನೇ ದಿನ ಯಾರೋ ಗಂಡಸರು ಎಳೆದು ಹೊರಗೆ ಹಾಕಿದರು. "ಅವಳು ಇನ್ನೂ ಕರೆದಿಲ್ಲ," ಎಂದೆ.

ಅಜ್ಜಿಯ ಬಳೆ ಮಂಚದ ಕಬ್ಬಿಣಕ್ಕೆ ತಾಗಿತು. ಆಮೇಲೆ, "ನಮ್ಮೋನು ಕೆಳಕ್ಕೋದ, ಮೇಲೆ ಬರ್ಲಿಲ್ಲ," ಎಂದಳು. "ನಿಮ್ಮಮ್ಮ ಮೇಲಕ್ಕೋದ್ಲು, ಕೆಳಗೆ ಬರ್ಲಿಲ್ಲ. ಇದ್ರಾಗೆ ಯಾವ ಜಾಗ ನೆಟ್ಟಗಿರೋದು ಅಂತ ನಂಗೂ ತಿಳೀದು ಕಣೇ. ಆದ್ರೆ ನಿನ್ ಪರೀಕ್ಷೆ ಬಂಗಾರಪೇಟೆಯಾಗೈತೆ. ಇಲ್ಲಿಗೆ ಯಾರೂ ತಂದ್ಕೊಡಾಕಿಲ್ಲ."

ಹೊರಗೆ ನಮ್ಮ ಸರದಿ ಬಂದಿತ್ತು. ಪಕ್ಕದ ಮನೆಯವಳು ಅಜ್ಜಿಯನ್ನು ಕೂಗಿದಳು, ಉತ್ತರವಿಲ್ಲದೆ ಮತ್ತೆ ಕೂಗಿದಳು. ಅಜ್ಜಿ ಎದೆ ತುಂಬ ಉಸಿರೆಳೆದುಕೊಂಡು, ಮಂಚದ ಕೆಳಗಿನಿಂದಲೇ, ಲೈನಿನ ಆ ತುದಿಗೂ ಕೇಳುವಂತೆ ಕೂಗಿದಳು:

"ಇಬ್ರು! ಇಬ್ರೂ ಕೆಳಗಿದೀವಿ!"

ಹೊರಗಿನ ಸದ್ದೆಲ್ಲ ನಿಂತುಹೋಯಿತು. ಗಣಿ ಮುಚ್ಚಿದ ಮೇಲೆ ಆ ಲೈನಿನಲ್ಲಿ ಯಾರೂ ಕೆಳಗೆ ಎಂದು ಕೂಗಿರಲಿಲ್ಲ. ಒಂದು ಬಾಗಿಲು ಮುಚ್ಚಿದ ಸದ್ದು ಕೂಡ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಮನೆಯ ಮುಂದೆ ಚಪ್ಪಲಿ ಎಳೆಯುವ ಸದ್ದು, ಒಬ್ಬರಾದ ಮೇಲೆ ಒಬ್ಬರು. ಯಾರೂ ಒಳಗೆ ಬರಲಿಲ್ಲ. ಬಂದು ನಿಂತರು.

"ಈಗ ಏಳಾಣ," ಎಂದಳು ಅಜ್ಜಿ. ಎರಡು ಸಲ ಹೊರಳಲು ನೋಡಿದಳು. "ಅಯ್ಯೋ, ಮೊಣಕಾಲು ಇಡ್ಕೊಂಬಿಡ್ತು. ನೀನು ಆ ಕಡೆಯಿಂದ ಓಗಿ ನನ್ನ ಎಳಿಯೇ. ನಂಗೆ ಇಲ್ಲಿ ಉಸುರು ಕಟ್ತೈತೆ."

ನಿಜವಾಗಿ ಹಿಡಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಬೈಯುತ್ತಾಳೆ. ಅವಳ ಹಣೆಯ ಮೇಲಿನ ಬೆವರು ಮಾತ್ರ ನಿಜ. ನಾನು ತೆವಳಿ ಹೊರಗೆ ಬಂದೆ. ಅವಳ ಕಂಕುಳಿಗೆ ಕೈ ಕೊಟ್ಟು ಎಳೆದೆ. ಅವಳು ಹೊರಬಂದು ನನ್ನ ಭುಜ ಹಿಡಿದು ಎದ್ದು ನಿಂತಾಗ ನಾನೂ ನಿಂತಿದ್ದೇನೆ ಎಂದು ನನಗೆ ಗೊತ್ತಾಯಿತು.

ಬಾಗಿಲ ಮುಂದೆ ಲೈನಿನ ಹೆಂಗಸರೆಲ್ಲ ನಿಂತಿದ್ದರು. ಕೆಲಸಕ್ಕೆ ಹೊರಟವರೂ ನಿಂತಿದ್ದರು. ಯಾರ ಮನೆಯ ಹಂಚಿನ ಮೇಲೂ ಹೊಗೆ ಇರಲಿಲ್ಲ. ಅಜ್ಜಿ ಸೀರೆಯ ಧೂಳು ಕೊಡವಿಕೊಳ್ಳದೆ ಕೂಗಿದಳು: "ಇಬ್ರು! ಮೇಲಕ್ ಬಂದ್ವಿ!" ಪಕ್ಕದ ಮನೆಯವಳು ತನ್ನ ಗಂಡನ ಕಡೆ ತಿರುಗಿ, "ನೋಡ್ಕಂಡು ನಿಂತೆಯಲ್ಲ, ಗಾಡಿ ತೆಗಿ," ಎಂದಳು. ಅವನ ಬೈಕಿನ ಹಿಂದೆ ಕೂತು, ಡಬ್ಬಿಯನ್ನು ಮಡಿಲಲ್ಲಿ ಹಿಡಿದು ನಾನು ಬಂಗಾರಪೇಟೆಗೆ ಹೋದೆ. ಬೆನ್ನೆಲ್ಲ ಸುಣ್ಣವಾಗಿತ್ತು. ಪರೀಕ್ಷೆಯ ಕೋಣೆಯ ಬಾಗಿಲು ಹಾಕುವ ಮೊದಲು ಒಳಗೆ ಸೇರಿದೆ. ಪ್ರಶ್ನೆಗಳಿಗೆ ಉತ್ತರ ಬರೆದೆ. ಒಂದು ಕಡೆ ಅಮ್ಮ ಎಂಬ ಪದ ಬಂತು, ಈ ಸಲ ದಾಟಿಕೊಂಡು ಹೋಗಲು ಆಗಲಿಲ್ಲ. ಮಂಚದ ಕೆಳಗೆ ಹೇಳಿದ ಮೇಲೆ ಅಮ್ಮನಿಗೆ ಆದದ್ದು ಕನ್ನಡದಲ್ಲೂ ಆಗಿಬಿಟ್ಟಿತ್ತು. ಬರೆಯುತ್ತಲೇ ಇದ್ದೆ.

ಪಾಸಾದೆ. ಫಲಿತಾಂಶ ನೋಡಿದಾಗ ಏನೂ ಅನ್ನಿಸಲಿಲ್ಲ. ಲೈನಿನವರು ನನಗೆ ಅನ್ನಿಸಬೇಕಾದದ್ದನ್ನೂ ಸೇರಿಸಿ ಗಲಾಟೆ ಮಾಡಿದರು. ಮಾವ ಫೋನಿನಲ್ಲಿ ಸರಿ ಎಂದಷ್ಟೇ ಹೇಳಿದ. ಅವನು ಮಾತಿಗೆ ತಪ್ಪುವವನಲ್ಲ. ಕೋಲಾರದಲ್ಲಿ ನರ್ಸಿಂಗಿಗೆ ಸೇರಿ ಹಾಸ್ಟೆಲಿಗೆ ಹೋದೆ.

ತರಬೇತಿಗೆ ನಮ್ಮನ್ನು ಒಂದು ದೊಡ್ಡ ಆಸ್ಪತ್ರೆ ಕಟ್ಟಡಕ್ಕೆ ಹಾಕಿದ್ದರು. ಅದರ ನೆಲಮಾಳಿಗೆಯಲ್ಲಿ ಒಗೆದ ಬಟ್ಟೆಗಳ ಕೋಣೆ. ಜೊತೆಯವರಿಗೆ ಅಲ್ಲಿಗೆ ಹೋಗುವುದೆಂದರೆ ಬೇಸರ, ಗಾಳಿ ಇಲ್ಲ, ಕಿಟಕಿ ಇಲ್ಲ. ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಅಲ್ಲಿ ನನಗೆ ಹಾಯಾಗಿರುತ್ತಿತ್ತು. ಒಂದು ಮಧ್ಯಾಹ್ನ ಅಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದಾಗ ಫೋನು ಬಂತು. ಸಿಗ್ನಲ್ ಅರೆಬರೆ. ಪಕ್ಕದ ಮನೆಯವಳು ಸಿಡಿಮಿಡಿಗೊಂಡಿದ್ದಳು.

"ಲೇ ಇಲಿಮರಿ, ಎಲ್ಲಿ ಸತ್ತಿದ್ದೆ, ಆಗ್ಲಿಂದ ಮಾಡ್ತಾನೇ ಇದೀನಿ. ಇಲ್ಲಿ ಬ್ಲಾಸ್ಟ್ ಆಯ್ತು. ನಿಮ್ಮಜ್ಜಿ ಕೂಗಲ್ಲ ಅಂತಾವ್ಳೆ. ನಮ್ಮನೇಲಿ ಇಬ್ರು, ಒಬ್ಳು ಎಲ್ಲವ್ಳೋ ಗೊತ್ತಿಲ್ದೆ ಎಂಗ್ ಕೂಗ್ಲಿ ಅಂತಾಳೆ. ಲೈನು ಲೈನೇ ಬಿಸ್ಲಾಗೆ ನಿಂತೈತೆ. ನನ್ ಮಗ್ಳು ಅಸ್ಕೊಂಡವ್ಳೆ, ಒಲೆ ಅಚ್ಚಂಗಿಲ್ಲ."

ಫೋನು ಅಜ್ಜಿಯ ಕೈಗೆ ಹೋಯಿತು. "ಎಲ್ಲಿದೀಯೇ?" ಎಂದಳು.

ಆಸ್ಪತ್ರೆಯಲ್ಲಿ ಎಂದೆ. ಮೇಲೋ ಕೆಳಗೋ ಎಂದು ಕೇಳಿದಳು. ನಾನು ಸುತ್ತ ನೋಡಿದೆ. ಮೂವತ್ತು ಮೈಲಿಯೂ ಇಲ್ಲದ ದೂರದಲ್ಲಿ ಒಂದಿಡೀ ಲೈನು ಊಟ ಬಿಟ್ಟು ನಿಂತಿತ್ತು. ಸುಳ್ಳು ಹೇಳಬಹುದಿತ್ತು, ಅವಳಿಗೇನು ಕಾಣುತ್ತದೆಯೇ? ನನ್ನ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು.

"ಒಂದು ನಿಮಿಷ ಇರು ಅಜ್ಜಿ," ಎಂದು ಮೆಟ್ಟಿಲ ಕಡೆ ಓಡಿದೆ. ಮೇಲಿನ ಪಡಸಾಲೆ ದಾಟಿ, ಯಾರಿಗೋ ಡಿಕ್ಕಿ ಹೊಡೆದು, ಹಿರಿಯ ಸಿಸ್ಟರು ಕೂಗಿದರೂ ನಿಲ್ಲದೆ, ಕಟ್ಟಡದ ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಮೇಲೆ ಬರಿಯ ಆಕಾಶ. "ಮೇಲಿದೀನಿ ಅಜ್ಜಿ," ಎಂದೆ.

ಅವಳು ಫೋನು ಕಿವಿಯಿಂದ ತೆಗೆದದ್ದು ಗೊತ್ತಾಯಿತು. ಆಮೇಲೆ ಅವಳ ಧ್ವನಿ, ಲೈನಿನ ಆ ತುದಿಗೂ ಕೇಳುವಂತೆ: "ನಮ್ಮನೆಯಾಗೆ ಇಬ್ರು! ಇಬ್ರೂ ಮೇಲಿದೀವಿ!" ಅದರ ಹಿಂದೆಯೇ ಮುಂದಿನ ಮನೆ ಕೂಗಿತು, ಅದರ ಮುಂದಿನ ಮನೆ ಕೂಗಿತು. ಕೊನೆಯ ಮನೆ ಮುಗಿಯುವವರೆಗೂ ನಾನು ಫೋನು ಹಿಡಿದುಕೊಂಡೇ ಇದ್ದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಅದು ಸುಡುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ನಾನು ಅಳುತ್ತಿದ್ದೆ.